ಇದು ಯಾರ ಜಾಗ ಮಾರಾಯಾ? ಸ್ವೀಡನ್ನಿನ ಒಂದು ಸರೋವರದ ದಂಡೆ, ಒಂದು ಟೆಂಟು ಮತ್ತು ರಜೆಯ ಚರಿತ್ರೆ

ಈ ಸಲದ ಪ್ರಬಂಧ ಒಂದು ಪ್ರಶ್ನೆಯಿಂದ ಶುರುವಾಗುತ್ತೆ. ಪ್ರಶ್ನೆ ನನ್ನದಲ್ಲ, ಅಮ್ಮನದು.

ಕಳೆದ ಜುಲೈನಲ್ಲಿ ಅಮ್ಮ ಪುತ್ತೂರಿನಿಂದ ನಮ್ಮ ಮನೆಗೆ ಬಂದಿದ್ದರು. ಇಲ್ಲಿ ಜುಲೈ ಅಂದ್ರೆ ಊರಿಗೆ ಊರೇ ರಜೆ. ನಾವೂ ಕಾರಿನಲ್ಲಿ ಟೆಂಟು, ಅಕ್ಕಿ, ಮಿಡಿ ಉಪ್ಪಿನಕಾಯಿಯ ಬಾಟಲಿ ಎಲ್ಲ ತುಂಬಿಕೊಂಡು ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತ್ಯಕ್ಕೆ ಹೋದೆವು. ಅಲ್ಲಿ ವೆಕ್‌ಶೋ ಪಟ್ಟಣದ ದಕ್ಷಿಣಕ್ಕೆ ಓಸ್ನೆನ್ ಅಂತ ಒಂದು ದೊಡ್ಡ ಸರೋವರ ಇದೆ. ಅದರ ಒಂದು ಭಾಗ 2018ರಿಂದ ರಾಷ್ಟ್ರೀಯ ಉದ್ಯಾನ. ನಾವು ಇಳಿದುಕೊಂಡಿದ್ದು ಉದ್ಯಾನದ ಹೊರಗಿನ ಒಂದು ಸಣ್ಣ ಕ್ಯಾಂಪಿಂಗ್ ಜಾಗದಲ್ಲಿ. ಪೈನ್ ಮರಗಳ ಕೆಳಗೆ ನಮ್ಮ ಟೆಂಟು, ಆಚೆ ಈಚೆ ಬಿಳಿ ಕ್ಯಾರವಾನುಗಳು, ಎದುರಿಗೆ ನೀರು. ರಾತ್ರಿ ಹತ್ತಾದರೂ ಬೆಳಕು. ಗಲಾಟೆ ಅಂದ್ರೆ ನುಸಿಗಳದ್ದು ಮಾತ್ರ.

ಮರುದಿನ ಬೆಳಿಗ್ಗೆ ಹಿಂದಿನ ಕಾಡಿಗೆ ಬ್ಲೂಬೆರಿ ಕೊಯ್ಯಲು ಹೋದೆವು. ಸ್ವಲ್ಪ ಒಳಗೆ ಹೋದ ಮೇಲೆ ಒಂದು ಹಳೇ ಕಲ್ಲಿನ ಗೋಡೆ ಸಿಕ್ಕಿತು. ಮೊಣಕಾಲೆತ್ತರ, ಮೈತುಂಬಾ ಪಾಚಿ. ನನ್ನ ಮಗಳು ಅದನ್ನು ಹಾರಿ ಆಚೆ ಹೋದಳು. ನಾನೂ ದಾಟಿದೆ. ಅಮ್ಮ ಈಚೆಯೇ ನಿಂತರು.

"ಇದು ಯಾರ ಜಾಗ ಮಾರಾಯಾ? ಪಾಗಾರ ಉಂಟಲ್ಲ. ಅವರತ್ರ ಕೇಳಿದ್ದೀಯಾ?"

ಪಾಗಾರ ಅಂದ್ರೆ ಜಾಗದ ಸುತ್ತ ಕಟ್ಟುವ ಗೋಡೆ, ಕರಾವಳಿಯ ಮಾತು. ಮಗಳಿಗೆ ಒಂಬತ್ತು ವರ್ಷ, ಹುಟ್ಟಿದ್ದೇ ಇಲ್ಲಿ. ಅವಳು ತಿರುಗಿಯೂ ನೋಡದೆ, "ಕೇಳೋದೇನೂ ಬೇಡ ಅಜ್ಜಿ, ಇಲ್ಲಿ ಎಲ್ಲರೂ ಬರಬಹುದು" ಅಂದಳು.

"ಎಲ್ಲರೂ ಅಂದ್ರೆ ಯಾರೆಲ್ಲ?"

ಆವತ್ತು ನಾನು ಏನೋ ಹೇಳಿ ಮುಗಿಸಿದೆ. ಆದರೆ ಆ ಪ್ರಶ್ನೆ ಕಾರಿನಲ್ಲಿ ನಮ್ಮ ಜೊತೆ ಮನೆಗೂ ಬಂತು. ಯಾರದೋ ಕಾಡಿಗೆ ಕೇಳದೆ ಹೋಗಿ, ಹಣ್ಣು ಕೊಯ್ದು, ಬೇಕಾದರೆ ಒಂದು ರಾತ್ರಿ ಮಲಗಿ ಬರೋದು ಇಲ್ಲಿ ಹೇಗೆ ತಪ್ಪಲ್ಲ? ಹಾಗಿದ್ದ ಮೇಲೆ ದುಡ್ಡು ಕೊಟ್ಟು ಕ್ಯಾಂಪಿಂಗ್ ಜಾಗಕ್ಕೆ ಯಾಕೆ ಹೋಗ್ತೇವೆ? ಉತ್ತರ ಹುಡುಕ್ತಾ ಹೋದರೆ ಅದು ಹ್ಯಾಝೆಲ್ ಕಾಯಿಯಿಂದ ಶುರುವಾಗಿ, ಕಾರ್ಖಾನೆಯ ರಜೆಯನ್ನು ಹಾದು, ನಮ್ಮ ಪುತ್ತೂರಿನ ಕುಮ್ಕಿ ಜಾಗದವರೆಗೂ ಬರುತ್ತೆ. ಬನ್ನಿ, ಒಂದೊಂದಾಗಿ ನೋಡೋಣ.

ಕಾನೂನು ಹೇಳದೆ ಬಿಟ್ಟದ್ದು

ಸ್ವೀಡಿಷ್ ಭಾಷೆಯಲ್ಲಿ ಇದಕ್ಕೆ ಅಲ್ಲೆಮಾನ್ಸ್‌ರೆಟ್ಟೆನ್ ಅಂತಾರೆ. ಬಿಡಿಸಿ ಹೇಳಿದರೆ "ಎಲ್ಲರ ಹಕ್ಕು". ಬೇರೆಯವರ ಕಾಡಿನಲ್ಲಿ ನಡೆಯಬಹುದು, ಸರೋವರದಲ್ಲಿ ಈಜಬಹುದು, ಕಾಡುಹಣ್ಣು, ಅಣಬೆ ಕೀಳಬಹುದು, ಮನೆಯಿಂದ ದೂರದಲ್ಲಿ ಒಂದು ರಾತ್ರಿ ಟೆಂಟು ಹಾಕಬಹುದು. ಬೆಳೆ ಇರುವ ಹೊಲ ತುಳಿಯಬಾರದು. ಯಾರದೇ ಮನೆಯ ಅಂಗಳಕ್ಕೆ, ಅವರ ನೆಮ್ಮದಿಗೆ ಅಡ್ಡ ಬರುವಷ್ಟು ಹತ್ತಿರಕ್ಕೆ ಹೋಗಬಾರದು. ಇಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಇದನ್ನು ಒಂದೇ ಸಾಲಿನಲ್ಲಿ ಕಲಿಸ್ತಾರೆ: ತೊಂದರೆ ಕೊಡಬೇಡ, ಹಾಳು ಮಾಡಬೇಡ.

ಇದು ವೈಕಿಂಗರ ಕಾಲದಿಂದ ಬಂದ ಹಕ್ಕು ಅಂತ ಪ್ರವಾಸಿ ಪುಸ್ತಿಕೆಗಳಲ್ಲಿ ಓದಿರಬಹುದು. ಕೇಳೋದಕ್ಕೆ ಚೆನ್ನಾಗಿದೆ, ಆದರೆ ಅಷ್ಟು ಸರಳ ಅಲ್ಲ. ಮಧ್ಯಯುಗದಲ್ಲಿ ಸ್ವೀಡನ್ನಿನ ಒಂದೊಂದು ಪ್ರಾಂತ್ಯಕ್ಕೂ ಅದರದೇ ಕಾನೂನು ಇತ್ತು. ಅವುಗಳಲ್ಲಿ ಇಂಥದ್ದೊಂದು ಮಾತು ಸಿಗುತ್ತೆ: ದಾರಿಹೋಕ ಬೇರೆಯವರ ಕಾಡಿನಿಂದ ತನ್ನ ಟೋಪಿಯನ್ನೋ ಕೈಗವಸನ್ನೋ ತುಂಬುವಷ್ಟು ಹ್ಯಾಝೆಲ್ ಕಾಯಿ ಕೀಳಬಹುದು, ಅದಕ್ಕಿಂತ ಹೆಚ್ಚು ಕಿತ್ತರೆ ಕಳ್ಳತನ. ಅಂದ್ರೆ ಹಸಿದ ಪ್ರಯಾಣಿಕನಿಗೆ ಒಂದು ಸಣ್ಣ ರಿಯಾಯಿತಿ. ಇದನ್ನೇ "ಎಲ್ಲರ ಹಕ್ಕು" ಅಂತ ಆಗ ಯಾರೂ ಕರೆದಿರಲಿಲ್ಲ.

1734ರಲ್ಲಿ ಇಡೀ ದೇಶಕ್ಕೆ ಒಂದು ಕಾನೂನು ಬಂತು. ಅದರಲ್ಲಿ ಬೇರೆಯವರ ಕಾಡಿನಿಂದ ಏನನ್ನು ತೆಗೆಯಬಾರದು ಅಂತ ಒಂದು ಪಟ್ಟಿ ಇದೆ. ಜೀವಂತ ಮರ, ಕೊಂಬೆ, ತೊಗಟೆ, ಓಕ್ ಮರದ ಕಾಯಿ, ಹೀಗೆ. ಪಟ್ಟಿಯಲ್ಲಿ ಇದ್ದವೆಲ್ಲ ಆ ಕಾಲಕ್ಕೆ ಬೆಲೆ ಬಾಳುವ ವಸ್ತುಗಳು. ಓಕ್ ಕಾಯಿ ಹಂದಿಗಳ ಮೇವು. ತೊಗಟೆ ಚರ್ಮ ಹದ ಮಾಡೋದಕ್ಕೆ. ಕಾಡುಹಣ್ಣು, ಅಣಬೆ, ಕಾಡುಹೂವು ಆ ಪಟ್ಟಿಯಲ್ಲಿ ಇರಲಿಲ್ಲ. ಬೇಡ ಅಂತ ಬರೆದಿಲ್ಲ, ಹಾಗಾಗಿ ಮಾಡಬಹುದು. ಇವತ್ತಿಗೂ ಸ್ವೀಡನ್ನಿನ ದಂಡ ಸಂಹಿತೆಯಲ್ಲಿ ಅಂಥ ಒಂದು ಪಟ್ಟಿ ಉಳಿದಿದೆ.

ನೋಡಿ, ಇದು ನನಗೆ ಬಹಳ ಹಿಡಿಸಿದ ವಿಷಯ. ಹಕ್ಕನ್ನು ಯಾರೂ ಬರೆದು ಕೊಟ್ಟಿದ್ದಲ್ಲ. ಕಾನೂನು ಸುಮ್ಮನಿದ್ದ ಜಾಗದಲ್ಲಿ ಜನ ನಡೆದಾಡಿದರು, ನಡೆದೂ ನಡೆದೂ ಕಾಲುದಾರಿ ಆಯಿತು.

ಗೋಮಾಳ ಹೋಯಿತು, ರೂಢಿ ಉಳಿಯಿತು

ಈಗ ಆ ಕಲ್ಲಿನ ಗೋಡೆಗೆ ಬರೋಣ. ಕಾಡಿನ ನಡುವೆ ಯಾರಾದರೂ ಯಾಕೆ ಗೋಡೆ ಕಟ್ಟಿದರು?

ಉತ್ತರ ಸುಲಭ: ಅದು ಕಾಡಾಗಿರಲಿಲ್ಲ. ಸ್ಮೋಲಂಡಿನ ಮಣ್ಣು ತುಂಬಾ ಕಲ್ಲಿನದು. ರೈತರು ಹೊಲದಿಂದ ಕಲ್ಲು ಹೆಕ್ಕಿ ಹೆಕ್ಕಿ ಅಂಚಿಗೆ ಪೇರಿಸಿದರು. 19ನೇ ಶತಮಾನದ ನಡುವಿನಿಂದ 1930ರವರೆಗೆ ಸುಮಾರು 12-13 ಲಕ್ಷ ಸ್ವೀಡಿಷ್ ಜನ ದೇಶ ಬಿಟ್ಟರು, ಹೆಚ್ಚಿನವರು ಅಮೆರಿಕಕ್ಕೆ. ಸ್ಮೋಲಂಡಿನಿಂದ ಹೋದವರಂತೂ ತುಂಬಾ ಜನ. ಬಿಟ್ಟುಹೋದ ಹೊಲಗಳಲ್ಲಿ ಮರ ಬೆಳೆಯಿತು, ಗೋಡೆ ಕಾಡಿನ ಒಳಗೆ ಸೇರಿತು. ಅಮ್ಮ ದಾಟಲು ಹಿಂಜರಿದ ಪಾಗಾರ ಬಹುಶಃ ಹೀಗೆ ಯಾವುದೋ ವಲಸೆಗಾರನ ಮನೆಯವರು ಕಟ್ಟಿದ್ದು. ಹೊರದೇಶದಲ್ಲಿ ಇರುವ ನಮಗೆ ಇದು ಸ್ವಲ್ಪ ತಟ್ಟುವ ಮಾತೇ ಅಲ್ವಾ?

ಅದಕ್ಕೂ ಮೊದಲು ಇನ್ನೊಂದು ದೊಡ್ಡ ಬದಲಾವಣೆ ಆಗಿತ್ತು. ಹಿಂದೆ ಸ್ವೀಡಿಷ್ ಹಳ್ಳಿಗಳಿಗೂ ನಮ್ಮ ಗೋಮಾಳದ ಹಾಗೆ ಸಾಮೂಹಿಕ ಭೂಮಿ ಇತ್ತು. ಗೋಮಾಳ ಅಂದ್ರೆ ಊರವರೆಲ್ಲರ ದನ ಮೇಯುವ ಜಾಗ. 18ನೇ ಶತಮಾನದಲ್ಲಿ ಶುರುವಾಗಿ, 1827ರ ಭೂಸುಧಾರಣೆಯ ಕಾಯ್ದೆಯ ನಂತರ ಇನ್ನೂ ಜೋರಾಗಿ, ಈ ಭೂಮಿಯನ್ನು ಪಾಲು ಮಾಡಿ ಒಬ್ಬೊಬ್ಬರ ಹೆಸರಿಗೆ ಹಾಕಿದರು. ಇವತ್ತು ಸ್ವೀಡನ್ನಿನ ಸುಮಾರು ಮೂರನೇ ಎರಡು ಭಾಗ ಕಾಡು. ಅದರಲ್ಲಿ ಸುಮಾರು ಅರ್ಧ ಖಾಸಗಿ ವ್ಯಕ್ತಿಗಳದ್ದು. ಅಂದ್ರೆ ಅಮ್ಮನ ಅನುಮಾನ ಸರಿಯೇ. ಆ ಕಾಡಿಗೆ ಖಂಡಿತ ಒಬ್ಬ ಯಜಮಾನ ಇದ್ದಾನೆ.

ಭೂಮಿ ಪಾಲಾಯಿತು, ಆದರೆ ಕಾಡಿನಲ್ಲಿ ನಡೆಯುವ ರೂಢಿ ಪಾಲಾಗಲಿಲ್ಲ. ಅದನ್ನು ನಿಲ್ಲಿಸುವ ಪ್ರಯತ್ನ ನಡೆಯಲಿಲ್ಲ ಅಂತಲ್ಲ. 19ನೇ ಶತಮಾನದ ಕೊನೆಗೆ ಲಿಂಗೊನ್ ಎಂಬ ಹುಳಿ ಹಣ್ಣನ್ನು ರೈಲಿನಲ್ಲಿ ತುಂಬಿ ಜರ್ಮನಿಗೆ ಕಳಿಸುವ ವ್ಯಾಪಾರ ಬೆಳೆಯಿತು. ಹಣ್ಣಿಗೆ ದುಡ್ಡು ಬಂದ ಕೂಡಲೇ ಕೆಲವು ಜಮೀನುದಾರರಿಗೆ "ಇದು ನಮ್ಮ ಹಣ್ಣು" ಅನ್ನೋದು ನೆನಪಾಯಿತು. ಹಣ್ಣು ಕೀಳುವುದನ್ನು ನಿರ್ಬಂಧಿಸಬೇಕು ಅಂತ ಸಂಸತ್ತಿನ ತನಕ ಹೋದರು. ಸಂಸತ್ತು ಒಪ್ಪಲಿಲ್ಲ. ಹಣ್ಣು ಕೊಯ್ದು ನಾಲ್ಕು ಕಾಸು ನೋಡುತ್ತಿದ್ದವರು ಭೂಮಿ ಇಲ್ಲದ ಬಡವರು, ಹೆಂಗಸರು, ಮಕ್ಕಳು. ಅವರ ಬಾಯಿಯ ತುತ್ತು ತೆಗೆಯೋದು ಸುಲಭ ಆಗಿರಲಿಲ್ಲ.

ನಮ್ಮಲ್ಲಿ ಏನಾಗಿತ್ತು?

ಸ್ವಲ್ಪ ಊರಿನ ಕಡೆ ಹೋಗಿ ಬರೋಣ. ಅಮ್ಮ ಯಾಕೆ ಹಾಗೆ ಕೇಳಿದರು ಅಂತ ಗೊತ್ತಾಗಬೇಕಾದರೆ ಇದು ಬೇಕು.

ದಕ್ಷಿಣ ಕನ್ನಡದಲ್ಲಿ ಕುಮ್ಕಿ ಅಂತ ಒಂದು ಬಗೆಯ ಜಾಗ ಇದೆ. ಹಳೇ ಪಟ್ಟಾ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರ್ಕಾರಿ ಭೂಮಿ ಅದು. ಒಡೆತನ ಸರ್ಕಾರದ್ದು, ಆದರೆ ಅಲ್ಲಿನ ಸೊಪ್ಪು, ತರಗೆಲೆ, ಸೌದೆ, ಮೇವು ಬಳಸುವ ಸವಲತ್ತು ಪಕ್ಕದ ಜಮೀನಿನವರಿಗೆ. ಉತ್ತರ ಕನ್ನಡದ ಬೆಟ್ಟ, ಮಲೆನಾಡಿನ ಸೊಪ್ಪಿನಬೆಟ್ಟ, ಕೊಡಗಿನ ಬಾಣೆ, ಇವೆಲ್ಲ ಇದೇ ಜಾತಿಯವು. ಅಡಿಕೆ ತೋಟಕ್ಕೆ ಗೊಬ್ಬರ ಬೇಕಾದರೆ ಸೊಪ್ಪು ಬೇಕು, ಸೊಪ್ಪಿಗೆ ಬೆಟ್ಟ ಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಈ ಸವಲತ್ತುಗಳನ್ನು ಹೆಸರು ಹಿಡಿದು ಮುಂದುವರಿಸಿದೆ.

ಉಳಿದ ಕಾಡು? ಅದನ್ನು ಬ್ರಿಟಿಷರು ಸರ್ಕಾರದ ಕಾಡು ಅಂತ ಬೇಲಿ ಹಾಕಿದರು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡಕ್ಕೆ 1878ರ ಅರಣ್ಯ ಕಾಯ್ದೆ, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೆ 1882ರ ಮದರಾಸ್ ಅರಣ್ಯ ಕಾಯ್ದೆ. ಅಲ್ಲಿಗೆ ಕಾಡಿನ ವಿಷಯದಲ್ಲಿ ಎರಡೇ ಗುರುತು ಉಳಿದವು: ಸರ್ಕಾರ ಮತ್ತು ಜಮೀನು ಇರುವವರು. ಜಮೀನು ಇಲ್ಲದವರು ಸೌದೆಗೆ ಹೋದರೆ ಒಂದೋ ಗಾರ್ಡಿನ ಕಣ್ಣು ತಪ್ಪಿಸಬೇಕು, ಇಲ್ಲ ಧಣಿಗಳನ್ನು ಕೇಳಬೇಕು. 1930ರ ದಶಕದಲ್ಲಿ ಕನ್ನಡ ನಾಡಿನ ಹಲವು ಕಡೆ ಸ್ವಾತಂತ್ರ್ಯ ಹೋರಾಟ ಅರಣ್ಯ ಸತ್ಯಾಗ್ರಹದ ರೂಪ ತಾಳಿದ್ದು ಸುಮ್ಮನೆ ಅಲ್ಲ. ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಜನ ಈಚಲು ಮರ ಕಡಿದು ಜೈಲಿಗೆ ಹೋದರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕುಮ್ಕಿಯ ಸವಲತ್ತು ಜಮೀನಿಗೆ ಅಂಟಿಕೊಂಡಿದೆ. ನಿಮಗೆ ವರ್ಗದ ಭೂಮಿ ಇದ್ದರೆ ಸೊಪ್ಪು ಉಂಟು. ಅಲ್ಲೆಮಾನ್ಸ್‌ರೆಟ್ಟೆನ್ ಜಮೀನಿಗಲ್ಲ, ಮನುಷ್ಯನಿಗೆ ಅಂಟಿಕೊಂಡಿದೆ. ನಡೆಯೋದಕ್ಕೆ ಕಾಲಿದ್ದರೆ ಸಾಕು. ಆದರೆ ಇನ್ನೊಂದು ವ್ಯತ್ಯಾಸ ಮರೆಯಬಾರದು. ನಮ್ಮಲ್ಲಿ ಕಾಡಿನಿಂದ ಹೊಟ್ಟೆಪಾಡು ನಡೆಯಬೇಕಿತ್ತು: ಸೌದೆ, ಗೊಬ್ಬರ, ಮೇವು. ಸ್ವೀಡನ್ನಿನ ಹಕ್ಕು ಮರ ಕಡಿಯಲು, ಕೊಂಬೆ ಮುರಿಯಲು ಯಾವತ್ತೂ ಬಿಟ್ಟಿಲ್ಲ. ಅಲ್ಲಿ ಯಜಮಾನ ಕಳೆದುಕೊಳ್ಳುವುದು ಕಡಿಮೆ, ಹಾಗಾಗಿ ಕೊಡುವುದೂ ಸುಲಭ ಆಯಿತು.

ಜಾಗ ಇದ್ದರೆ ಸಾಕೇ? ಸಮಯ ಬೇಡವೇ?

1930ರವರೆಗೂ ಸರೋವರದ ದಂಡೆಗೆ ಟೆಂಟು ಹೊತ್ತು ಹೋಗುವವರು ಹೆಚ್ಚಾಗಿ ಅನುಕೂಲಸ್ಥರು. ಸ್ವೀಡಿಷ್ ಪ್ರವಾಸಿ ಸಂಘ 1885ರಲ್ಲಿ ಉಪ್ಸಾಲಾದಲ್ಲಿ ಶುರುವಾದಾಗ ಅದು ವಿದ್ವಾಂಸರ, ಬೆಟ್ಟ ಹತ್ತುವ ಹವ್ಯಾಸದವರ ಕೂಟ. ಕಾರ್ಖಾನೆ ಕೆಲಸಗಾರನಿಗೆ ಭಾನುವಾರ ಒಂದೇ ಬಿಡುವು. ಕಾಡಿಗೆ ಹೋಗುವ ಹಕ್ಕು ಅವನಿಗೂ ಇತ್ತು. ಹೋಗೋದಕ್ಕೆ ದಿನ ಎಲ್ಲಿತ್ತು?

ಇವತ್ತಿನ ಸ್ವೀಡನ್ ನೋಡಿದವರಿಗೆ ನಂಬೋದು ಕಷ್ಟ, ಆದರೆ ಆಗ ನಗರಗಳ ಕೆಲಸಗಾರರ ಮನೆ ಅಂದ್ರೆ ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲೇ ಇಡೀ ಸಂಸಾರ. ಹಳ್ಳಿಗಳ ಸ್ಥಿತಿಯೂ ಚೆನ್ನಾಗಿರಲಿಲ್ಲ. ಲುಡ್ವಿಗ್ ನೂರ್ಡ್‌ಸ್ಟ್ರೋಮ್ ಎಂಬ ಲೇಖಕ 1938ರಲ್ಲಿ ದೇಶ ಸುತ್ತಿ, ಜನರ ಕೊಳಕು ಮನೆಗಳ ಬಗ್ಗೆ ರೇಡಿಯೋದಲ್ಲಿ ಸರಣಿ ಕಾರ್ಯಕ್ರಮ ಮಾಡಿದ. ಅದೇ ಹೆಸರಿನಲ್ಲಿ ಪುಸ್ತಕವೂ ಬಂತು, "ಕೊಳಕು ಸ್ವೀಡನ್" ಎಂಬ ಅರ್ಥದ ಹೆಸರು. ದೇಶಕ್ಕೆ ನಾಚಿಕೆ ಆಯಿತು.

ಅದೇ 1938ರಲ್ಲಿ ರಜೆಯ ಕಾನೂನು ಬಂತು. ಎಲ್ಲ ಕೆಲಸಗಾರರಿಗೆ ವರ್ಷಕ್ಕೆ ಎರಡು ವಾರ, ಸಂಬಳ ಸಹಿತ. ಮುಂದೆ 1951ರಲ್ಲಿ ಅದು ಮೂರು ವಾರ ಆಯಿತು, 1963ರಲ್ಲಿ ನಾಲ್ಕು, 1978ರಲ್ಲಿ ಐದು. ಬೇಸಿಗೆಯ ಮೂರು ತಿಂಗಳ ಒಳಗೆ ಸತತ ನಾಲ್ಕು ವಾರ ರಜೆ ತೆಗೆದುಕೊಳ್ಳುವ ಹಕ್ಕೂ ಇದೆ. ಜುಲೈನಲ್ಲಿ ನಿಮ್ಮ ಈಮೇಲಿಗೆ ಯಾರೂ ಉತ್ತರ ಕೊಡೋದಿಲ್ಲ ಅಂತ ಬೇಜಾರಾದರೆ, ಅದರ ಹಿಂದೆ ಇಷ್ಟು ಚರಿತ್ರೆ ಇದೆ ಅಂತ ನೆನಪಿಸಿಕೊಳ್ಳಿ!

ರಜೆ ಸಿಕ್ಕಿತು, ಸರಿ. ಆದರೆ ಹೋಟೆಲಿಗೆ ದುಡ್ಡಿಲ್ಲ. ಕಾರ್ಮಿಕ ಸಂಘಗಳು ಸೇರಿ 1937ರಲ್ಲೇ ರೇಸೊ ಎಂಬ ಪ್ರವಾಸ ಸಂಸ್ಥೆ ಕಟ್ಟಿದ್ದವು, ಕಡಿಮೆ ಖರ್ಚಿನ ರಜೆಗಾಗಿ. ಸೈಕಲ್ಲಿಗೆ ಟೆಂಟು ಕಟ್ಟಿಕೊಂಡು ಹೊರಟವರು ಇನ್ನೂ ಹೆಚ್ಚು. ನಗರದ ಜನ ಎಲ್ಲಿಗೆ ಹೋಗಬೇಕು, ಎಲ್ಲಿ ಈಜಬೇಕು ಅಂತ ಸರ್ಕಾರ ಒಂದು ಸಮಿತಿ ನೇಮಿಸಿತು. 1940ರಲ್ಲಿ ಬಂದ ಅದರ ವರದಿ ಈ "ಎಲ್ಲರ ಹಕ್ಕನ್ನು" ಹೆಸರಿಟ್ಟು ಚರ್ಚಿಸಿತು. ಹಳೇ ರೂಢಿಗೆ ಹೊಸ ಕೆಲಸ ಸಿಕ್ಕಿತು. ದಾರಿಹೋಕನ ಹಸಿವಿಗೆ ಇದ್ದ ರಿಯಾಯಿತಿ, ಕೆಲಸಗಾರನ ವಿಶ್ರಾಂತಿಯ ಹಕ್ಕಾಯಿತು.

ಅಜ್ಜಿಯ ಸ್ಟವ್ವು

ಟೆಂಟಿನ ಎದುರು ನಾವು ಗಂಜಿ ಬೇಯಿಸಿದ್ದು ಟ್ರಾಂಜಿಯಾ ಒಲೆಯಲ್ಲಿ. ಉತ್ತರ ಸ್ವೀಡನ್ನಿನ ಯೆಮ್ಟ್‌ಲಂಡಿನಲ್ಲಿ 1925ರಲ್ಲಿ ಶುರುವಾದ ಸಣ್ಣ ಪಾತ್ರೆ ಕಂಪನಿ ಅದು. 1950ರ ದಶಕದ ಆರಂಭದಲ್ಲಿ ಗಾಳಿಗೆ ಆರದ ಸ್ಪಿರಿಟ್ ಒಲೆ ಮಾಡಿ ಹೆಸರಾಯಿತು. ಒಲೆ, ಗಾಳಿತಡೆ, ಎರಡು ಪಾತ್ರೆ, ಬಾಣಲೆ ಎಲ್ಲ ಒಂದರೊಳಗೊಂದು ಕೂರುತ್ತವೆ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಪಂಪು ಹೊಡೆಯಲಿಕ್ಕಿಲ್ವಾ?" ಅಂದರು.

ಅಮ್ಮನ ತಲೆಯಲ್ಲಿದ್ದದ್ದು ಹಿತ್ತಾಳೆಯ ಸೀಮೆಎಣ್ಣೆ ಸ್ಟವ್ವು. ಪಂಪು ಹೊಡೆದು, ಪಿನ್ನು ಚುಚ್ಚಿ, ಬುಸ್ ಅಂತ ನೀಲಿ ಉರಿ ಬರಿಸುವ ಸ್ಟವ್ವು. ನಮ್ಮ ಅಜ್ಜಿ ಅದನ್ನು ಪ್ರೈಮಸ್ ಅಂತಲೇ ಕರೆಯುತ್ತಿದ್ದರು. ಆ ಪ್ರೈಮಸ್ ಹುಟ್ಟಿದ್ದು ಇಲ್ಲೇ, ಸ್ಟಾಕ್‌ಹೋಮಿನಲ್ಲಿ, 1892ರಲ್ಲಿ. ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬ ಕುಶಲಕರ್ಮಿ ಮಸಿ ಹಿಡಿಯದ ಹಾಗೆ ಸೀಮೆಎಣ್ಣೆ ಉರಿಸುವ ಉಪಾಯ ಕಂಡುಹಿಡಿದ. ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಹೋದಾಗ ಜೊತೆಗಿದ್ದದ್ದು ಈ ಸ್ಟವ್ವು. ಇಲ್ಲಿ ಅದು ಸಾಹಸಿಗಳ, ಟೆಂಟಿನವರ ಗೆಳೆಯ. ನಮ್ಮಲ್ಲಿ ಅದು ದಿನದ ಅಡುಗೆಗೆ, ಅತಿಥಿ ಬಂದಾಗ ಬೇಗ ಕಾಫಿ ಮಾಡೋದಕ್ಕೆ. ಇದನ್ನು ಹೇಳಿದಾಗ ಅಮ್ಮನಿಗೆ ಈ ದೇಶ ಸ್ವಲ್ಪ ಪರಿಚಯದ್ದು ಅನ್ನಿಸಿರಬೇಕು. "ಹಾಗಾದ್ರೆ ಇವರ ಒಲೆ ನಮ್ಮ ಮನೆಗೆ ನಮಗಿಂತ ಮೊದಲೇ ಬಂದಿತ್ತು" ಅಂದರು.

ನೀರಿನ ಅಂಚು ಯಾರಿಗೂ ಅಲ್ಲ

ಯುದ್ಧದ ನಂತರ ಇನ್ನೊಂದು ಅಪಾಯ ಕಾಣಿಸಿತು. ಜನರ ಕೈಯಲ್ಲಿ ದುಡ್ಡು ಬರ್ತಿದ್ದ ಹಾಗೆ ಸರೋವರದ ಅಂಚಿನಲ್ಲಿ, ಸಮುದ್ರತೀರದಲ್ಲಿ ಬೇಸಿಗೆ ಮನೆಗಳು ಏಳತೊಡಗಿದವು. ಮನೆ ಬಂದರೆ ಅಂಗಳ ಬಂತು, ಅಂಗಳ ಬಂದರೆ ಅಲ್ಲಿಗೆ "ಎಲ್ಲರ ಹಕ್ಕು" ಮುಗಿಯಿತು. ಹೀಗೆ ಒಂದೊಂದೇ ಮನೆ ಬಂದು ಇಡೀ ದಂಡೆ ಮುಚ್ಚಿಹೋಗಬಹುದಿತ್ತು.

1950ರಲ್ಲಿ ತಾತ್ಕಾಲಿಕವಾಗಿ, 1952ರಲ್ಲಿ ಕಾಯಂ ಆಗಿ, ದಂಡೆಯಲ್ಲಿ ಕಟ್ಟಡ ಕಟ್ಟುವುದನ್ನು ತಡೆಯುವ ಕಾನೂನು ಬಂತು. 1975ರಲ್ಲಿ ಅದು ಇಡೀ ದೇಶಕ್ಕೆ ಅನ್ವಯ ಆಯಿತು. ನೀರಿನಂಚಿನಿಂದ 100 ಮೀಟರ್, ಕೆಲವು ಕಡೆ 300 ಮೀಟರ್‌ವರೆಗೆ, ವಿಶೇಷ ಅನುಮತಿ ಇಲ್ಲದೆ ಹೊಸ ಮನೆ ಕಟ್ಟುವ ಹಾಗಿಲ್ಲ. ಈ ಕಾನೂನಿನ ಬಗ್ಗೆ ಈಗಲೂ ಜಗಳ ಇದೆ. ಹಳ್ಳಿಗಳ ಕೆಲವರು, ನಮ್ಮೂರು ಬೆಳೆಯೋದೇ ಬೇಡವೇ ಅಂತ ಕೇಳ್ತಾರೆ. ಆದರೆ ಬೆಂಗಳೂರಿನ ಕೆರೆಗಳ ಅಂಚಿನಲ್ಲಿ ಏನಾಯಿತು ಅಂತ ನೋಡಿದ ನಮ್ಮಂಥವರಿಗೆ ಆ 100 ಮೀಟರಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಕ್ರ ಬಂದ ಮೇಲೆ

ಈಗ ಮೊದಲ ಪ್ರಶ್ನೆಯ ಉಳಿದ ಅರ್ಧ. ಹಕ್ಕು ಪುಕ್ಕಟೆ ಇರುವಾಗ ದುಡ್ಡು ಕೊಟ್ಟು ಕ್ಯಾಂಪಿಂಗ್ ಜಾಗಕ್ಕೆ ಯಾಕೆ?

ಕಾರಣ ಕಾರು. 1950ರಲ್ಲಿ ಸ್ವೀಡನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಕಾರುಗಳಿದ್ದವು. 1960ರ ಹೊತ್ತಿಗೆ ಸುಮಾರು 12 ಲಕ್ಷ. ವೋಲ್ವೋ 1953ರಲ್ಲಿ ಡ್ಯುಯೆಟ್ ಎಂಬ ಉದ್ದನೆ ಬೆನ್ನಿನ ಕಾರು ತಂದಿತು. ವಾರವಿಡೀ ಸರಕು ಸಾಗಿಸು, ರಜೆಯಲ್ಲಿ ಸಂಸಾರ ಸಾಗಿಸು ಅನ್ನೋದು ಅದರ ಲೆಕ್ಕಾಚಾರ. ಅದರ ಹಿಂದೆ ಕ್ಯಾರವಾನು ಬಂತು. ಸ್ಮೋಲಂಡಿನ ಟೇನ್‌ಹುಲ್ಟ್ ಎಂಬ ಊರಿನಲ್ಲಿ 1957ರಲ್ಲಿ ಕಾಬೆ ಕಂಪನಿ, ಉತ್ತರದ ಡೊರೊಟೆಯಾದಲ್ಲಿ 1964ರಲ್ಲಿ ಪೋಲಾರ್ ಕಂಪನಿ ಕ್ಯಾರವಾನು ಮಾಡಲು ಶುರು ಮಾಡಿದವು. ಚಳಿಗಾಲದಲ್ಲೂ ಮಲಗಬಹುದಾದ, ದಪ್ಪ ಗೋಡೆಯ ಬಂಡಿಗಳು.

ಆದರೆ ಹಳೇ ಹಕ್ಕು ಕಾಲಿನದು, ಚಕ್ರದ್ದಲ್ಲ. ಟೋಪಿ ತುಂಬ ಕಾಯಿ ಕಿತ್ತ ದಾರಿಹೋಕ ನಡೆದು ಬಂದವನು. ಹತ್ತು ಕುಟುಂಬಗಳು ಕಾರು ತಂದು ಒಂದೇ ದಂಡೆಯಲ್ಲಿ ನಿಲ್ಲಿಸಿದರೆ ಹುಲ್ಲು ಉಳಿಯೋದಿಲ್ಲ, ಶೌಚಕ್ಕೆ ಜಾಗ ಇರೋದಿಲ್ಲ, ಕಸ ರಾಶಿ ಬೀಳುತ್ತೆ. 1975ರ ಕಾನೂನು ರಸ್ತೆ ಬಿಟ್ಟು ಮಣ್ಣಿನ ಮೇಲೆ, ಕಾಡಿನೊಳಗೆ ಮೋಟಾರು ವಾಹನ ಓಡಿಸುವುದನ್ನೇ ನಿಷೇಧಿಸಿತು. ಹೀಗಾಗಿ ಕ್ಯಾರವಾನು, ಮೋಟಾರ್‌ಹೋಮ್ ಇದ್ದವರಿಗೆ ಅವರದೇ ಜಾಗ ಬೇಕಾಯಿತು. ಪಂಚಾಯಿತಿಯಂಥ ಸ್ಥಳೀಯ ಆಡಳಿತಗಳು, ಕ್ರೀಡಾ ಸಂಘಗಳು, ರೈತರು, ಖಾಸಗಿಯವರು ಸರೋವರಗಳ ಪಕ್ಕ ಕ್ಯಾಂಪಿಂಗ್ ಜಾಗ ತೆರೆದರು. ಓಲಂಡ್ ದ್ವೀಪದ ಬೋಡಾ ಸ್ಯಾಂಡಿನಂಥ ಕಡೆ ಸಾವಿರಕ್ಕೂ ಹೆಚ್ಚು ನಿವೇಶನಗಳಿವೆ. ನಾವು ಹೋದಂಥ ಕಡೆ ಕೆಲವು ಡಜನ್, ಅಷ್ಟೆ. ಇಡೀ ದೇಶದ ಕ್ಯಾಂಪಿಂಗ್ ಜಾಗಗಳಲ್ಲಿ ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಅತಿಥಿ-ರಾತ್ರಿಗಳು ದಾಖಲಾಗುತ್ತವೆ. ದೇಶದ ಜನಸಂಖ್ಯೆ ಒಂದು ಕೋಟಿಗಿಂತ ಸ್ವಲ್ಪ ಜಾಸ್ತಿ.

ಒಳಗೆ ಅದರದೇ ಒಂದು ಶಿಸ್ತು. ಪ್ರತಿ ನಿವೇಶನಕ್ಕೆ ನಂಬರು, ಕರೆಂಟಿನ ಕಂಬ, ಅದಕ್ಕೆ ನೀಲಿ ಪ್ಲಗ್ಗು. ಬೆಂಕಿ ಹಬ್ಬದ ಹಾಗೆ ಒಂದು ಬಂಡಿಗೂ ಇನ್ನೊಂದಕ್ಕೂ 4 ಮೀಟರ್ ಅಂತರ. ಅಡುಗೆಮನೆ, ಬಚ್ಚಲು ಎಲ್ಲರಿಗೂ ಸೇರಿದ್ದು. ಬಳಸಿದವರೇ ಒರೆಸಿಟ್ಟು ಹೋಗಬೇಕು. ಕೆಲವರು ಇಡೀ ಬೇಸಿಗೆಗೆ ಒಂದೇ ನಿವೇಶನ ಹಿಡಿದು, ಕ್ಯಾರವಾನಿಗೆ ಬಟ್ಟೆಯ ಚಾವಡಿ ಜೋಡಿಸಿ, ಹೂಕುಂಡ ಇಟ್ಟು ಕೂರ್ತಾರೆ. ನಮ್ಮ ಪಕ್ಕದ ವಯಸ್ಸಾದ ದಂಪತಿ ಹಾಗೆ. ಪಾತ್ರೆ ತೊಳೆಯುವ ಜಾಗದಲ್ಲಿ ಅಮ್ಮನಿಗೂ ಆ ಹೆಂಗಸಿಗೂ ದೋಸ್ತಿ ಆಯಿತು. ಇಬ್ಬರಿಗೂ ಭಾಷೆ ಇಲ್ಲ. ಒಬ್ಬರು ಬನ್ನು ಕೊಟ್ಟರು, ಇನ್ನೊಬ್ಬರು ಚಕ್ಕುಲಿ ಕೊಟ್ಟರು.

ಹೊಸದಾಗಿ ಹೋಗುವವರಿಗೆ ಒಂದೆರಡು ಮಾತು. ಉಣುಗುಗಳ ಬಗ್ಗೆ ಹುಷಾರು. ನಮ್ಮ ಮಲೆನಾಡಿನ ಮಂಗನ ಕಾಯಿಲೆ ಹರಡೋದು ಉಣುಗಿನಿಂದಲೇ. ಇಲ್ಲಿನ ಉಣುಗುಗಳೂ ಮೆದುಳಿನ ಜ್ವರ ತರಬಲ್ಲವು, ಅದಕ್ಕೆ ಲಸಿಕೆ ಇದೆ. ಬೆಂಕಿ ಹಾಕುವ ಮೊದಲು ಆ ಪ್ರದೇಶದಲ್ಲಿ ನಿಷೇಧ ಇದೆಯೇ ನೋಡಿ. 2018ರ ಬೇಸಿಗೆಯಲ್ಲಿ ಕಾಡ್ಗಿಚ್ಚು ಎಷ್ಟು ಹಬ್ಬಿತ್ತೆಂದರೆ ಹಲವು ಕಡೆ ಗ್ರಿಲ್ ಹಚ್ಚುವುದೂ ನಿಷೇಧ ಆಗಿತ್ತು. ರಾಷ್ಟ್ರೀಯ ಉದ್ಯಾನಗಳಲ್ಲಿ ನಿಯಮ ಬೇರೆ, ಟೆಂಟು ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲ.

ಎಲ್ಲರೂ ಅಂದ್ರೆ ಯಾರೆಲ್ಲ?

1994ರಲ್ಲಿ ಈ ಹಕ್ಕು ಸ್ವೀಡನ್ನಿನ ಸಂವಿಧಾನಕ್ಕೆ ಸೇರಿತು. ಸೇರಿದ್ದು ಎಲ್ಲಿ ಅನ್ನೋದು ಸ್ವಾರಸ್ಯ. ಆಸ್ತಿಯ ಹಕ್ಕನ್ನು ಕಾಯುವ ಕಲಮಿನ ಒಳಗೇ ಅದನ್ನು ಇಟ್ಟರು: ಆಸ್ತಿ ಆಸ್ತಿಯೇ, ಆದರೂ ಪ್ರಕೃತಿಯ ಬಳಿಗೆ ಹೋಗುವ ದಾರಿ ಎಲ್ಲರಿಗೂ ತೆರೆದಿರಬೇಕು. ಅಲ್ಲಿ ಪೌರರಿಗೆ ಅಂತ ಬರೆದಿಲ್ಲ, ಎಲ್ಲರಿಗೆ ಅಂತ ಇದೆ. ಮೂರು ತಿಂಗಳ ವೀಸಾದಲ್ಲಿ ಬಂದ ಅಮ್ಮನಿಗೂ ಮೊದಲ ದಿನದಿಂದಲೇ ಅದು ಉಂಟು.

ಇದರಲ್ಲಿ ತೊಡಕು ಇಲ್ಲ ಅಂತಲ್ಲ. ಒಬ್ಬೊಬ್ಬರಿಗೆ ಇರುವ ಹಕ್ಕನ್ನು ಕಂಪನಿಗಳು ವ್ಯಾಪಾರ ಮಾಡಿಕೊಂಡರೆ? 1996ರಲ್ಲಿ ರಾಫ್ಟಿಂಗ್ ಪ್ರವಾಸ ನಡೆಸುವವರ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ಗುಂಪುಗುಂಪಾಗಿ ಜನರನ್ನು ತಂದು ಜಮೀನಿನವರಿಗೆ ನಷ್ಟ ಮಾಡುವುದನ್ನು ಈ ಹಕ್ಕಿನ ಹೆಸರಿನಲ್ಲಿ ಒಪ್ಪಲಾಗದು ಅಂತಾಯಿತು. ಉತ್ತರದ ಕಾಡುಗಳಲ್ಲಿ ವ್ಯಾಪಾರಕ್ಕೆ ಹಣ್ಣು ಕೊಯ್ಯಲು ಥಾಯ್ಲೆಂಡಿನಿಂದ ಸಾವಿರಾರು ಜನ ಬಂದಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಮೋಸ ಹೋಗಿದ್ದಾರೆ. ಹಣ್ಣು ಎಲ್ಲರದ್ದು, ಲಾಭ ಮಾತ್ರ ಕೆಲವರದ್ದು.

ಕಾನೂನು ಬಾಗಿಲು ತೆರೆಯುತ್ತೆ, ಒಳಗೆ ಕಾಲಿಡುವ ಧೈರ್ಯ ನಾವೇ ಮಾಡಬೇಕು ಅನ್ನೋದೂ ನಿಜ. ಆ ಕ್ಯಾಂಪಿಂಗ್ ಜಾಗದಲ್ಲಿ ಸೀರೆ ಉಟ್ಟವರು ಅಮ್ಮ ಒಬ್ಬರೇ. ಯಾರೂ ಏನೂ ಅನ್ನಲಿಲ್ಲ. ಆದರೂ ನಾನು ಈ ದೇಶದಲ್ಲಿ ಇಷ್ಟು ವರ್ಷ ಇದ್ದು, ಟೆಂಟಿನ ಒಂದು ಗೂಟ ಸರಿಯಾಗಿ ಹೊಡೆದಿದ್ದೇನೋ ಇಲ್ಲವೋ ಅಂತ ಆಚೀಚೆ ನೋಡ್ತಿದ್ದೆ. ಮಗಳಿಗೆ ಆ ಯೋಚನೆಯೇ ಇಲ್ಲ.

ಕೊನೆಯ ರಾತ್ರಿ ಮೂವರೂ ನೀರಿನ ಹತ್ತಿರ ಕೂತಿದ್ದೆವು. ನನಗೆ ಗೊತ್ತಿದ್ದಷ್ಟನ್ನು ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಮ್ಮ ಕುಮ್ಕಿಗೆ ತರಗೆಲೆಗೆ ಅಂತ ಹೆಂಗಸರು ಬರ್ತಿದ್ರು" ಅಂದರು ಆಮೇಲೆ. "ಅಪ್ಪನಿಗೆ ಬೇಕಾದವರಾದರೆ ಬಿಡುವುದು, ಇಲ್ಲದಿದ್ರೆ ಓಡಿಸುವುದು. ಒಂದು ಸಲ ಒಬ್ಬಳು ಕಟ್ಟಿದ ಹೊರೆ ಅಲ್ಲೇ ಬಿಟ್ಟು ಓಡಿದಳು. ನಾನು ಇವಳಷ್ಟು ದೊಡ್ಡವಳು. ಪಾಗಾರದ ಮೇಲೆ ಕೂತು ನೋಡ್ತಿದ್ದೆ, ನಗಾಡಿದ್ದೆ ಕೂಡ. ಆ ಜಾಗವೂ ನಮ್ಮದಲ್ಲ ಅಂತ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು."

ನಾನು ಏನು ಹೇಳಬೇಕು ಅಂತ ತಿಳಿಯಲಿಲ್ಲ. ಬೆಳಿಗ್ಗೆ ಟೆಂಟು ಮಡಿಚುವ ಮೊದಲು ಅಮ್ಮ ಒಂದು ಸ್ಟೀಲ್ ಡಬ್ಬ ಹಿಡಿದು, "ಇನ್ನು ಸ್ವಲ್ಪ ಹಣ್ಣು ಕೊಯ್ಯುವ, ಜಾಮು ಮಾಡಬಹುದು" ಅಂತ ಕಾಡಿನ ಕಡೆ ಹೊರಟರು. ಗೋಡೆಯ ಹತ್ತಿರ ಬಂದಾಗ ಮಗಳು ಕೈ ಚಾಚಿದಳು. ಅಮ್ಮ ಸೀರೆ ಸ್ವಲ್ಪ ಎತ್ತಿ ಹಿಡಿದು, ಆ ಕೈ ಹಿಡಿದು, ದಾಟಿದರು.

ಮುಂದಿನ ಬೇಸಿಗೆಯಲ್ಲಿ ನಿಮ್ಮ ಮನೆಗೂ ಊರಿನಿಂದ ಯಾರಾದರೂ ಬಂದರೆ ಒಮ್ಮೆ ಹೀಗೆ ಕರೆದುಕೊಂಡು ಹೋಗಿ. ಅವರು ಏನು ಕೇಳ್ತಾರೆ ಅಂತ ಗಮನ ಕೊಟ್ಟು ಕೇಳಿಸಿಕೊಳ್ಳಿ.